ಬಾಣಂತಿಯ ರಕ್ತಕ್ಕೆ ಅಂದಾಜು ಸಾಲದು, ಅಳತೆ ಬೇಕು

ಕರ್ನಾಟಕದ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಾದ ಶ್ರೀ ದಿನೇಶ್ ಗುಂಡೂರಾವ್ ಅವರಿಗೆ,

ಮಾನ್ಯರೇ,

ಒಮಾನಿನ ಸುವೈಕ್‌ನಿಂದ ಬರೆಯುತ್ತಿದ್ದೇನೆ. ದುಡಿಮೆ ಇಲ್ಲಿ, ಮಸ್ಕತ್ತಿಗೂ ಸೊಹಾರಿಗೂ ನಡುವಿನ ಈ ಕಡಲ ಕರೆಯಲ್ಲಿ. ಆದರೆ ಚೊಚ್ಚಲ ಹೆರಿಗೆ, ಬಾಣಂತನ ಎಂದರೆ ನಮಗೆ ಈಗಲೂ ತವರೇ. ದಿನ ತುಂಬುವ ಮೊದಲೇ ಹೆಣ್ಣುಮಕ್ಕಳನ್ನು ಊರಿನ ವಿಮಾನ ಹತ್ತಿಸುತ್ತೇವೆ. ಅಲ್ಲಿಂದ ಮುಂದೆ ಅವರು ನಿಮ್ಮ ಹೊಣೆ. ಅದಕ್ಕೇ ಈ ಪತ್ರ.

2024ರ ನವೆಂಬರಿನಲ್ಲಿ ಬಳ್ಳಾರಿಯ ಆಸ್ಪತ್ರೆಯಲ್ಲಿ ಬಾಣಂತಿಯರು ತೀರಿಕೊಂಡಾಗ ಅವರಿಗೆ ಹಾಕಿದ ಡ್ರಿಪ್ ಬಾಟಲಿಗಳ ಗುಣಮಟ್ಟದ ಬಗ್ಗೆ ರಾಜ್ಯವೇ ಮಾತಾಡಿತು. ಮಾತಾಡಲೇಬೇಕಿತ್ತು. ಆದರೆ ಜಗತ್ತಿನಲ್ಲಿ ತಾಯಂದಿರನ್ನು ಅತಿ ಹೆಚ್ಚು ಬಲಿ ತೆಗೆದುಕೊಳ್ಳುವ ರಕ್ತಸ್ರಾವ ಸುದ್ದಿಯಾಗುವುದು ಅಪರೂಪ. ಮಾಸು ಬಿದ್ದ ಮೇಲೆ ಗರ್ಭಕೋಶ ಬಿಗಿಯಬೇಕು. ಅದು ಸಡಿಲವಾಗಿಯೇ ಉಳಿದರೆ ಮಾಸು ಅಂಟಿದ್ದ ಜಾಗದ ರಕ್ತನಾಳಗಳು ತೆರೆದೇ ಇರುತ್ತವೆ. ಹರಿದ ರಕ್ತ ಬಟ್ಟೆಯಲ್ಲಿ ಇಂಗುತ್ತದೆ, ನೀರಿನಲ್ಲಿ ಬೆರೆಯುತ್ತದೆ. "ಸ್ವಲ್ಪ ಹೋಗೋದು ಮಾಮೂಲಿ" ಎನ್ನುವಷ್ಟರಲ್ಲಿ ಕೈ ಮೀರಿರುತ್ತದೆ. ಮೊದಲೇ ರಕ್ತಹೀನತೆ ಇದ್ದವಳಿಗೆ ಅಷ್ಟು ಕಾಲಾವಕಾಶವೂ ಇಲ್ಲ.

ಇದಕ್ಕೆ ಮದ್ದು ನಮ್ಮ ನಾಡಿನಲ್ಲೇ ಪರೀಕ್ಷೆಗೊಳಗಾಗಿದೆ. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ವೈದ್ಯರು ಅಮೆರಿಕದ ಸಂಶೋಧಕರೊಡನೆ ಆ ಜಿಲ್ಲೆಯ ಹಳ್ಳಿಗಳ 1,620 ತಾಯಂದಿರ ಮೇಲೆ ನಡೆಸಿದ ಅಧ್ಯಯನ 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಸಹಾಯಕ ದಾದಿಯರು (ಎಎನ್‌ಎಂಗಳು) ಕೊಟ್ಟ, ಗರ್ಭಕೋಶ ಬಿಗಿಸುವ ಮಿಸೊಪ್ರೊಸ್ಟಾಲ್ ಮಾತ್ರೆಯಿಂದ ಅತಿ ರಕ್ತಸ್ರಾವ ಶೇ. 12ರಿಂದ 6.4ಕ್ಕೆ ಇಳಿದಿತ್ತು. ರಕ್ತ ಅಳೆಯಲು ಆ ಅಧ್ಯಯನಕ್ಕೆಂದೇ ಒಂದು ಪ್ಲಾಸ್ಟಿಕ್ ಹಾಸು ರೂಪಿಸಿದ್ದರು. ಮಗು ಹುಟ್ಟಿದೊಡನೆ ತಾಯಿಯ ಕೆಳಗೆ ಸರಿಸಿ, ಸೊಂಟಕ್ಕೆ ಪಟ್ಟಿ ಕಟ್ಟಿದರೆ, ಮೇಜಿನಂಚಿಗೆ ಇಳಿಬಿದ್ದ ಅದರ ಚೀಲದಲ್ಲಿ ರಕ್ತ ಶೇಖರವಾಗುತ್ತದೆ. ಚೀಲದ ಮೇಲೆ ಮಿಲಿಲೀಟರ್ ಗೆರೆಗಳಿರುತ್ತವೆ. ಕಣ್ಣಂದಾಜಿನ ಲೆಕ್ಕ ಈ ಅಳತೆಗಿಂತ ಮೂರನೇ ಒಂದು ಪಾಲು ಕಡಿಮೆ ಎಂಬುದೂ ಬೆಳಗಾವಿಯಲ್ಲೇ ತಿಳಿಯಿತು.

ಇಂಥದೇ ಹಾಸಿನೊಂದಿಗೆ ಆಫ್ರಿಕಾದ ನಾಲ್ಕು ದೇಶಗಳ ಆಸ್ಪತ್ರೆಗಳಲ್ಲಿ ಗರ್ಭಕೋಶ ನೀವುವುದು, ಅದನ್ನು ಬಿಗಿಸುವ ಆಕ್ಸಿಟೋಸಿನ್, ರಕ್ತಸ್ರಾವ ತಡೆಯುವ ಟ್ರಾನೆಕ್ಸಾಮಿಕ್ ಆಮ್ಲ, ಡ್ರಿಪ್, ಗಾಯದ ತಪಾಸಣೆ ಎಲ್ಲವನ್ನೂ ಒಟ್ಟಿಗೇ ಶುರು ಮಾಡಿದರು. ತೀವ್ರ ರಕ್ತಸ್ರಾವ, ಶಸ್ತ್ರಚಿಕಿತ್ಸೆ, ಸಾವು ಸೇರಿದ ಅನಾಹುತಗಳು ಶೇ. 60ರಷ್ಟು ತಗ್ಗಿದವು ಎಂದು 2023ರ ವರದಿ ಹೇಳಿತು. ನಾಡಿ, ರಕ್ತದೊತ್ತಡ ಏರುಪೇರಾಗಿದ್ದರೆ 500 ಮಿಲಿಲೀಟರಿನವರೆಗೆ ಕಾಯದೆ 300ಕ್ಕೇ ಚಿಕಿತ್ಸೆ ಆರಂಭಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2025ರ ಅಕ್ಟೋಬರಿನಲ್ಲಿ ತಿಳಿಸಿದೆ.

ನಮ್ಮ ಕೋರಿಕೆ ಇಷ್ಟೇ. ಹೆರಿಗೆ ಆಗುವ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಖಾಸಗಿ ನರ್ಸಿಂಗ್ ಹೋಮಿನಲ್ಲೂ ಅಳತೆಯ ಹಾಸು ಕಡ್ಡಾಯವಾಗಲಿ. ಹೋದ ರಕ್ತದ ಪ್ರಮಾಣ ಕೇಸ್ ಶೀಟಿನಲ್ಲಿ ದಾಖಲಾಗಲಿ. ಔಷಧಿಗಳೆಲ್ಲ ಕೈಗೆಟುಕುವಂತಿರಲಿ, ಆಕ್ಸಿಟೋಸಿನ್ ಫ್ರಿಜ್ಜಿನಲ್ಲೇ ಇರಲಿ. ದೊಡ್ಡಾಸ್ಪತ್ರೆಗೆ ಕಳಿಸಬೇಕಾದರೆ ಚಿಕಿತ್ಸೆ ಶುರು ಮಾಡಿದ ಮೇಲೆಯೇ 108 ಆಂಬುಲೆನ್ಸ್ ಹತ್ತಿಸಲಿ. ಮನೆಗೆ ಹೋದ ಮೇಲೂ ಗಂಟೆಯೊಳಗೆ ಪ್ಯಾಡ್ ಪೂರ್ತಿ ನೆನೆದರೆ, ದೊಡ್ಡ ಹೆಪ್ಪು ಬಿದ್ದರೆ, ತಲೆ ಸುತ್ತಿದರೆ ತಕ್ಷಣ ಆಸ್ಪತ್ರೆಗೆ ಬನ್ನಿ ಎಂದು ಆಶಾ ಕಾರ್ಯಕರ್ತೆಯರು ಮನೆಯವರಿಗೆ ಹೇಳಲಿ.

ಬೆಳಗಾವಿಯ ಹಳ್ಳಿಗಳಲ್ಲಿ ಸಾಬೀತಾದದ್ದು ಬೀದರಿನಿಂದ ಚಾಮರಾಜನಗರದವರೆಗೆ ಪ್ರತಿ ತಾಯಿಗೂ ಸಿಗಬೇಕು. ದಯವಿಟ್ಟು ಆದೇಶ ಹೊರಡಿಸಿ.

ಇಂತಿ,
ಸುವೈಕ್‌ನ ಒಬ್ಬ ಕನ್ನಡಿಗ