ದೆವ್ವದ ಭಯ, ದೇವರ ಹೆಸರು ಮತ್ತು ಕಾನೂನು ಎಳೆದ ಗೆರೆ

2019ರ ಡಿಸೆಂಬರ್ 26ರಂದು ಸೂರ್ಯಗ್ರಹಣ. ದಕ್ಷಿಣದ ಕಾಸರಗೋಡು, ಮಂಗಳೂರು ಭಾಗದಲ್ಲಿ ಜನ ಕನ್ನಡಕ ಹಾಕಿಕೊಂಡು ಕಂಕಣಗ್ರಹಣದ ಬೆಡಗನ್ನು ನೋಡುತ್ತಿದ್ದರು. ಅದೇ ಹೊತ್ತಿನಲ್ಲಿ ಕಲಬುರಗಿ ಸಮೀಪದ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ತಿಪ್ಪೆಯ ಮಣ್ಣಿನಲ್ಲಿ ಹೂಳಲಾಗಿತ್ತು. ಗ್ರಹಣ ಬಿಡುವಾಗ ಅಂಗವೈಕಲ್ಯವೂ ಬಿಟ್ಟುಹೋಗುತ್ತದೆ ಎಂಬುದು ಹೆತ್ತವರ ನಂಬಿಕೆ. ಅದಾದ ಕೆಲವೇ ದಿನಗಳಲ್ಲಿ, 2020ರ ಜನವರಿಯಲ್ಲಿ, ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರವನ್ನು ತಡೆಯುವ ಕರ್ನಾಟಕದ ಕಾಯ್ದೆ ಜಾರಿಗೆ ಬಂದಿತು. ವಿಧಾನಸಭೆ ಅದನ್ನು ಬೆಳಗಾವಿಯ ಅಧಿವೇಶನದಲ್ಲಿ ಅಂಗೀಕರಿಸಿದ್ದು 2017ರ ನವೆಂಬರ್‌ನಲ್ಲಿ. ನಡುವಿನ ಎರಡು ವರ್ಷ ಕಾಯ್ದೆ ಕಾಗದದ ಮೇಲೆಯೇ ಇತ್ತು.

ಈಗ ಕಾಯ್ದೆ ಇದೆ. ಆದರೆ ಅದು ಯಾವುದನ್ನು ತಡೆಯುತ್ತದೆ, ಯಾವುದನ್ನು ಬಿಡುತ್ತದೆ ಎಂಬ ಬಗ್ಗೆ ಪರವಾಗಿ ಮಾತನಾಡಿದವರಿಗೂ ವಿರೋಧಿಸಿದವರಿಗೂ ಸ್ಪಷ್ಟತೆ ಇದ್ದಂತೆ ಕಾಣುವುದಿಲ್ಲ. ಬಾಗಲಕೋಟೆ ಜಿಲ್ಲೆಯನ್ನು ಮುಂದಿಟ್ಟುಕೊಂಡು ಇದನ್ನು ನೋಡುವುದು ಒಳ್ಳೆಯದು. ಏಕೆಂದರೆ ಧರ್ಮ, ಅತಿಮಾನುಷದ ನಂಬಿಕೆ ಮತ್ತು ವಿಚಾರ ಈ ಮೂರೂ ಒಂದೇ ನೆಲದಲ್ಲಿ, ಒಂದರ ಪಕ್ಕ ಒಂದು, ಇಷ್ಟು ದೀರ್ಘಕಾಲ ಬಾಳಿದ ಪ್ರದೇಶಗಳು ವಿರಳ.

ಇದೇ ಜಿಲ್ಲೆಯ ನಾಗರಾಳದ ದಿಗಂಬರೇಶ್ವರ ದೇವಾಲಯದ ಮಾಳಿಗೆಯಿಂದ ಹಸುಗೂಸುಗಳನ್ನು ಕೆಳಗೆ ಹಿಡಿದ ಕಂಬಳಿಗೆ ಎಸೆಯುವ ಹರಕೆ ಪತ್ರಿಕೆಗಳಲ್ಲಿ, ದೂರದರ್ಶನ ವಾಹಿನಿಗಳಲ್ಲಿ ಹಲವು ಸಲ ವರದಿಯಾಗಿದೆ. ಮಗುವಿಗೆ ಆಯುಷ್ಯ, ಆರೋಗ್ಯ ದೊರೆಯುತ್ತದೆ ಎಂಬ ವಿಶ್ವಾಸ ಅದರ ಹಿಂದೆ ಇದೆ. ಇದು ಒಂದು ಮತಕ್ಕೆ ಸೇರಿದ ಪದ್ಧತಿ ಎಂದು ಭಾವಿಸುವವರು ಗಡಿ ದಾಟಿ ಸೊಲ್ಲಾಪುರದ ಕಡೆ ನೋಡಬೇಕು. ಅಲ್ಲಿನ ಬಾಬಾ ಉಮರ್ ದರ್ಗಾದಲ್ಲಿಯೂ ಇದೇ ರೀತಿ ಮಕ್ಕಳನ್ನು ಎಸೆಯುತ್ತಿದ್ದರು, ಹಿಂದೂಗಳೂ ಮುಸಲ್ಮಾನರೂ ತಮ್ಮ ಕೂಸುಗಳನ್ನು ಒಯ್ಯುತ್ತಿದ್ದರು. ದೇವರು ಬೇರೆ, ಕಂಬಳಿ ಒಂದೇ.

ಕಾಯ್ದೆಯ ಅನುಸೂಚಿಯಲ್ಲಿ ಮಕ್ಕಳನ್ನು ಎತ್ತರದಿಂದ ಅಥವಾ ಮುಳ್ಳಿನ ಮೇಲೆ ಎಸೆಯುವುದು ಸೇರಿದೆ. ನಿಧಿಯ ಆಸೆಗಾಗಿ ನಡೆಸುವ ಕ್ರೂರ ಕೃತ್ಯ, ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಕಟ್ಟಿಹಾಕುವುದು, ಹಾವು ಚೇಳು ಕಚ್ಚಿದವರಿಗೆ ವೈದ್ಯೋಪಚಾರ ತಪ್ಪಿಸಿ ಮಂತ್ರ ಹಾಕುವುದು, ಬೆತ್ತಲೆ ಸೇವೆ, ಎಂಜಲೆಲೆಯ ಮೇಲೆ ಉರುಳುವುದು, ಭಾನಾಮತಿಯ ಹೆಸರಿನಲ್ಲಿ ಭೀತಿ ಹುಟ್ಟಿಸುವುದು ಇವೂ ಸೇರಿವೆ. ಶಿಕ್ಷೆ ಒಂದರಿಂದ ಏಳು ವರ್ಷಗಳವರೆಗೆ ಸೆರೆವಾಸ, ಐದು ಸಾವಿರದಿಂದ ಐವತ್ತು ಸಾವಿರ ರೂಪಾಯಿವರೆಗೆ ದಂಡ.

ಇನ್ನು ವಿನಾಯಿತಿಗಳನ್ನು ನೋಡಿ. ಪ್ರದಕ್ಷಿಣೆ, ಯಾತ್ರೆ, ಹರಿಕಥೆ, ಭಜನೆ, ಕಿವಿ ಮೂಗು ಚುಚ್ಚಿಸುವುದು, ಜೈನರ ಕೇಶಲೋಚನ ಇವುಗಳಿಗೆ ಬಾಧೆಯಿಲ್ಲ. ಗತಿಸಿದ ಸಂತರ ಪವಾಡಗಳನ್ನು ವರ್ಣಿಸಬಹುದು. ಜ್ಯೋತಿಷ್ಯ ಮತ್ತು ವಾಸ್ತು ಸಲಹೆಯನ್ನೂ ನೀಡಬಹುದು! ವಿಚಾರವಾದಿಗಳಲ್ಲಿ ಹಲವರು ಇದನ್ನು ಹಲ್ಲಿಲ್ಲದ ಕಾಯ್ದೆ ಎಂದು ಕರೆಯಲು ಈ ಕೊನೆಯ ಅಂಶವೇ ಕಾರಣ. 2013ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಸಿದ್ಧವಾದ ಕರಡಿನ ಮೇಲೆ ದೊಡ್ಡ ಗದ್ದಲ ನಡೆದು, ನಾಲ್ಕು ವರ್ಷಗಳ ಬಳಿಕ ಹೊರಬಂದದ್ದು ಈ ರೂಪ.

ಆದರೆ ಕಾಯ್ದೆ ಎಳೆದಿರುವ ಗೆರೆಯಲ್ಲಿ ಒಂದು ತರ್ಕವಿದೆ ಎಂಬುದನ್ನು ಒಪ್ಪಬೇಕಾಗುತ್ತದೆ. ಅದು ಸತ್ಯ ಮತ್ತು ಮಿಥ್ಯೆಯ ನಡುವೆ ಎಳೆದ ಗೆರೆಯಲ್ಲ. ದೇಹಕ್ಕೆ, ಮಾನಕ್ಕೆ ಆಗುವ ಹಾನಿ ಮತ್ತು ಹಾನಿಯಿಲ್ಲದ ನಂಬಿಕೆಯ ನಡುವಿನ ಗೆರೆ. ದೆವ್ವವಿದೆಯೇ ಇಲ್ಲವೇ ಎಂದು ತೀರ್ಪು ಕೊಡುವುದು ಇನ್‌ಸ್ಪೆಕ್ಟರ್ ಕೆಲಸವಲ್ಲ. ದೆವ್ವದ ಹೆಸರಿನಲ್ಲಿ ಹೆಣ್ಣುಮಗಳೊಬ್ಬಳಿಗೆ ಮೆಣಸಿನಕಾಯಿ ಹೊಗೆ ಹಾಕಿದರೆ ತಡೆಯುವುದು ಅವರ ಕೆಲಸ. ಹೀಗೆ ನೋಡಿದರೆ ಕಾಯ್ದೆಯ ದೌರ್ಬಲ್ಯ ಜ್ಯೋತಿಷಿಯನ್ನು ಬಿಟ್ಟದ್ದರಲ್ಲಿಲ್ಲ. ದೂರು ಕೊಡಬೇಕಾದವರು ಯಾರು ಎಂಬ ಪ್ರಶ್ನೆಯಲ್ಲಿದೆ. ಸಂತ್ರಸ್ತೆಯನ್ನು ಮಂತ್ರವಾದಿಯ ಬಳಿ ಕರೆದೊಯ್ದವರು ಆಕೆಯ ತಂದೆ, ಗಂಡ, ಅತ್ತೆಯೇ ಆಗಿರುತ್ತಾರೆ. ಅವರ ದೃಷ್ಟಿಯಲ್ಲಿ ಅಲ್ಲಿ ನಡೆದದ್ದು ಅಪರಾಧವಲ್ಲ, ಚಿಕಿತ್ಸೆ.

ಧರ್ಮದ ಮಾತಿಗೆ ಬರೋಣ. ಮೌಢ್ಯ ವಿರೋಧಿ ಕಾಯ್ದೆ ಎಂದರೆ ಧರ್ಮದ ವಿರುದ್ಧದ ಕಾಯ್ದೆ ಎಂಬ ಪ್ರಚಾರ ಅಂದು ಬಿರುಸಾಗಿ ನಡೆಯಿತು. ಹುನಗುಂದ ಸೀಮೆಯ ಕೂಡಲಸಂಗಮದಲ್ಲಿ ನಿಂತು ಆ ಮಾತನ್ನು ಆಡುವುದು ಕಷ್ಟ. ಬಸವಣ್ಣನವರು ಐಕ್ಯರಾದ ಆ ನೆಲದಿಂದ ಹೊರಟ ವಿಚಾರಧಾರೆ ನಾಸ್ತಿಕವಲ್ಲ, ಅದು ಉತ್ಕಟ ಭಕ್ತಿಯ ಧಾರೆ. ಮುಹೂರ್ತದ ಅಂಜಿಕೆಯನ್ನು, ಕಂಡಕಂಡದ್ದನ್ನೆಲ್ಲ ದೈವವೆಂದು ಪೂಜಿಸುವುದನ್ನು, ಕಲ್ಲನಾಗನಿಗೆ ಹಾಲೆರೆದು ದಿಟದ ನಾಗನನ್ನು ಹೊಡೆಯುವ ವಿಪರ್ಯಾಸವನ್ನು ಹನ್ನೆರಡನೆಯ ಶತಮಾನದಲ್ಲಿಯೇ ಅದು ಹಂಗಿಸಿತು. ದೇವರು ಒಬ್ಬನೇ ಎಂದಾದರೆ ದೆವ್ವಕ್ಕೆ ಅಧಿಕಾರ ಎಲ್ಲಿಂದ ಬರಬೇಕು? ಇದು ವಿಜ್ಞಾನದ ವಾದವಲ್ಲ, ಶುದ್ಧ ಧಾರ್ಮಿಕ ವಾದ. ತಾಳೆಗರಿಗಳಲ್ಲಿ ಚದುರಿದ್ದ ಆ ವಚನಗಳನ್ನು ಹುಡುಕಿ 1923ರಲ್ಲಿ ‘ವಚನ ಶಾಸ್ತ್ರ ಸಾರ’ವನ್ನು ಪ್ರಕಟಿಸಿದ ಫ.ಗು. ಹಳಕಟ್ಟಿಯವರು ವಿಜಾಪುರದವರು. ಬಾಗಲಕೋಟೆ 1997ರವರೆಗೆ ಆ ಜಿಲ್ಲೆಯ ಭಾಗವೇ ಆಗಿತ್ತು. ವಚನಗಳ ಸಂಶೋಧನೆಗೆ ಬಾಳನ್ನು ಸವೆಸಿದ ಎಂ.ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರಂದು ಧಾರವಾಡದ ಮನೆಯಲ್ಲಿ ಗುಂಡಿಟ್ಟು ಕೊಲ್ಲಲಾಯಿತು. ಪುಣೆಯಲ್ಲಿ ನರೇಂದ್ರ ದಾಭೋಲ್ಕರ್ ಅವರ ಹತ್ಯೆ ನಡೆದದ್ದು ಅದಕ್ಕೂ ಎರಡು ವರ್ಷ ಹಿಂದೆ, ಮಹಾರಾಷ್ಟ್ರದ ಕಾಯ್ದೆ ಬಂದದ್ದು ಆ ಹತ್ಯೆಯ ನಂತರ. ಈ ಚರ್ಚೆಗೆ ಜನ ತೆತ್ತ ಬೆಲೆ ಸಣ್ಣದಲ್ಲ.

ಇಳಕಲ್ಲಿನ ಉದಾಹರಣೆ ಇನ್ನೂ ಹತ್ತಿರದ್ದು. ವಿಜಯ ಮಹಾಂತೇಶ ಮಠದ ಡಾ. ಮಹಾಂತ ಸ್ವಾಮಿಗಳು ದಶಕಗಳ ಕಾಲ ಹೆಗಲಿಗೆ ಜೋಳಿಗೆ ಹಾಕಿ ಓಣಿ ಓಣಿ ತಿರುಗಿದರು. ಬೇಡಿದ್ದು ಹಣವನ್ನಲ್ಲ. ಸಾರಾಯಿ, ತಂಬಾಕು, ಜೂಜು ಇಂತಹ ದುಶ್ಚಟಗಳನ್ನು ಜೋಳಿಗೆಗೆ ಹಾಕಿರಿ ಎಂದರು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಸ್ವಾಮಿಗಳ ಮುಂದೆ ಆಣೆ ಮಾಡಿ ಕುಡಿತ ಬಿಟ್ಟವನು ಪವಾಡದಿಂದ ಬಿಟ್ಟನೇ? ಊರೆಲ್ಲ ನೋಡುತ್ತಿರುವಾಗ ಕೊಟ್ಟ ಮಾತಿಗೆ, ಗುರುವಿನ ಮೇಲಿನ ಗೌರವಕ್ಕೆ ಮನುಷ್ಯನನ್ನು ಬದಲಿಸುವ ಬಲವಿದೆ. ಇದರಲ್ಲಿ ಅತಿಮಾನುಷ ಏನೂ ಇಲ್ಲ.

ವಿಜ್ಞಾನ ಈ ಕ್ಷೇತ್ರವನ್ನು ತಾತ್ಸಾರದಿಂದ ದೂರವಿಟ್ಟಿತು ಎಂಬ ಆಕ್ಷೇಪವೂ ಕೇಳಿಬರುತ್ತದೆ. ಅದು ನಿಜವಲ್ಲ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಜೆ.ಬಿ. ರೈನ್ 1930ರ ದಶಕದಲ್ಲಿಯೇ ಮನೋಶಕ್ತಿಯ ಪ್ರಯೋಗಗಳನ್ನು ನಡೆಸಿದರು. ಬೇರೆಯವರು ಬಿಗಿಯಾದ ನಿಯಮಗಳಡಿ ಪುನರಾವರ್ತಿಸಿದಾಗ ಆ ಫಲಿತಾಂಶಗಳು ನಿಲ್ಲಲಿಲ್ಲ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೇ ಡಾ. ಸತ್ವಂತ್ ಪಸ್ರೀಚಾ ಅವರು ಪುನರ್ಜನ್ಮದ ನೆನಪು ಹೇಳುವ ಮಕ್ಕಳನ್ನೂ, ಸತ್ತು ಬದುಕಿದೆವು ಎನ್ನುವವರನ್ನೂ ವರ್ಷಾನುಗಟ್ಟಲೆ ಅಧ್ಯಯನ ಮಾಡಿದರು, ಅದಕ್ಕಾಗಿ ಚನ್ನಪಟ್ಟಣದ ಹಳ್ಳಿಗಳಲ್ಲಿ ಸಮೀಕ್ಷೆಯನ್ನೂ ನಡೆಸಿದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ, ಭೌತವಿಜ್ಞಾನಿ ಹಾಗೂ ಗಾಂಧಿವಾದಿ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿಯನ್ನೇ ರಚಿಸಿ, ಪುಟ್ಟಪರ್ತಿಯ ಸತ್ಯಸಾಯಿ ಬಾಬಾ ಅವರನ್ನು ಪರೀಕ್ಷೆಗೆ ಆಹ್ವಾನಿಸಿ ಪತ್ರ ಬರೆದರು. ಉತ್ತರ ಬರಲಿಲ್ಲ. ಬಾಗಿಲು ತೆರೆದಿಟ್ಟದ್ದು ವಿಜ್ಞಾನ, ಒಳಗೆ ಬರಲು ಒಪ್ಪದವರು ಪವಾಡದವರು.

ಹಾಗಾದರೆ ಇಷ್ಟು ಜನ ಏಕೆ ನಂಬುತ್ತಾರೆ? ಅನುಭವ ಸುಳ್ಳಲ್ಲದ ಕಾರಣಕ್ಕೇ ನಂಬುತ್ತಾರೆ, ಅದರ ವಿವರಣೆ ಮಾತ್ರ ತಪ್ಪಾಗಿರುತ್ತದೆ. ಹಾವಿನ ಕಡಿತವನ್ನೇ ತೆಗೆದುಕೊಳ್ಳಿ. ಕಚ್ಚುವ ಹಾವುಗಳಲ್ಲಿ ಬಹುಪಾಲು ವಿಷವಿಲ್ಲದವು. ವಿಷದ ಹಾವು ಕೂಡ ಎಷ್ಟೋ ಸಲ ವಿಷವಿಳಿಸದೆ ಕಚ್ಚುತ್ತದೆ. ಇಂಥವರೆಲ್ಲ ಮಂತ್ರ ಹಾಕಿಸಿಕೊಂಡು ಮನೆಗೆ ನಡೆದು ಬರುತ್ತಾರೆ, ಮಂತ್ರಗಾರನ ಕೀರ್ತಿ ಹತ್ತೂರಿಗೆ ಹಬ್ಬುತ್ತದೆ. ನಿಜವಾಗಿ ವಿಷವೇರಿದವನು ಸತ್ತರೆ ಆಯುಷ್ಯ ತೀರಿತ್ತು ಎನ್ನುತ್ತಾರೆ. ಕಟ್ಟುಹಾವಿನ ಕಡಿತ ಇನ್ನೂ ಮೋಸದ್ದು. ಅದು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ, ನೋವು ಅತ್ಯಲ್ಪ, ಗಾಯವೂ ಕಾಣದು. ಬೆಳಗಾಗುವಷ್ಟರಲ್ಲಿ ಹೊಟ್ಟೆನೋವು, ಕಣ್ಣೆವೆ ಜೋಲುವುದು, ನಾಲಗೆ ತೊದಲುವುದು. ಹಾವನ್ನೇ ಕಾಣದ ಮನೆಯವರಿಗೆ ಅದು ‘ಗಾಳಿ ಬಡಿದದ್ದು’ ಎಂದು ತೋರಿದರೆ ಆಶ್ಚರ್ಯವಿಲ್ಲ. ಗುಡಿಗೆ ಹೋಗಿ ಬರುವ ಎರಡು ತಾಸಿನಲ್ಲಿ ಉಸಿರಾಟದ ಸ್ನಾಯುಗಳು ಸೋಲುತ್ತವೆ. 2000ದಿಂದ 2019ರವರೆಗಿನ ಎರಡು ದಶಕಗಳಲ್ಲಿ ದೇಶದಲ್ಲಿ ಹಾವಿನ ಕಡಿತದಿಂದ ಸತ್ತವರು ಸುಮಾರು 12 ಲಕ್ಷ, ಅಂದರೆ ವರ್ಷಕ್ಕೆ ಸರಾಸರಿ 58 ಸಾವಿರ ಎಂಬುದು ಒಂದು ದೊಡ್ಡ ಅಧ್ಯಯನದ ಅಂದಾಜು. 2024ರಲ್ಲಿ ಕರ್ನಾಟಕ ಸರ್ಕಾರ ಹಾವಿನ ಕಡಿತದ ಪ್ರಕರಣಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ಆದೇಶಿಸಿತು. ಮಂತ್ರದಿಂದ ತಡವಾದ ಸಾವುಗಳ ಲೆಕ್ಕವೂ ಇದರಿಂದ ಸಿಗಬೇಕು.

ಉತ್ತರ ಕರ್ನಾಟಕದಲ್ಲಿ ಕೂದಲು ಗಂಟುಗಟ್ಟಿ ಜಡೆಯಾದರೆ ಅದು ಸವದತ್ತಿಯ ಯಲ್ಲಮ್ಮನ ಕರೆ ಎಂದು ತಿಳಿಯುತ್ತಿದ್ದರು. ಆ ಕಾರಣಕ್ಕೇ ಎಷ್ಟೋ ಬಾಲಕಿಯರನ್ನು ದೇವದಾಸಿಯರನ್ನಾಗಿ ಬಿಟ್ಟದ್ದುಂಟು. 1982ರ ನಿಷೇಧ ಕಾಯ್ದೆಯ ಬಳಿಕ ಕಾರ್ಯಕರ್ತರು ಊರೂರಿಗೆ ಹೋಗಿ ಜಡೆ ಕತ್ತರಿಸಿ, ತಲೆ ತೊಳೆದು ತೋರಿಸಿದರು. ಯಾರಿಗೂ ಏನೂ ಆಗಲಿಲ್ಲ. ಭಾಷಣಗಳಿಗಿಂತ ಹೆಚ್ಚು ಕೆಲಸ ಮಾಡಿದ್ದು ಕತ್ತರಿ ಮತ್ತು ಶಾಂಪೂ.

ನಿಧಿಯ ಹುಚ್ಚಿನ ಬಗ್ಗೆ ಬಾದಾಮಿ, ಐಹೊಳೆ, ಪಟ್ಟದಕಲ್ಲಿನ ಜನರಿಗೆ ವಿವರಿಸಬೇಕಾಗಿಲ್ಲ. ಹಳೆಯ ಗುಡಿ ಇದ್ದಲ್ಲಿ ಹೊನ್ನಿದೆ, ಅದನ್ನು ಭೂತ ಕಾಯುತ್ತದೆ ಎಂಬ ಕಥೆಯೂ ಇರುತ್ತದೆ. 2019ರ ಜುಲೈನಲ್ಲಿ ಆನೆಗೊಂದಿಯ ನವವೃಂದಾವನದಲ್ಲಿ ವ್ಯಾಸರಾಜರ ವೃಂದಾವನವನ್ನು ನಿಧಿಗಳ್ಳರು ಕೆಡವಿದರು. ಅತಿಮಾನುಷದ ನಂಬಿಕೆ ಧರ್ಮದ ರಕ್ಷಕ ಎನ್ನುವವರು ಆ ಕಲ್ಲುಗಳ ರಾಶಿಯನ್ನು ನೆನಪಿಸಿಕೊಳ್ಳಬೇಕು.

ಅತ್ಯಂತ ಕಠಿಣ ಪ್ರಶ್ನೆ ಮಾನಸಿಕ ಕಾಯಿಲೆಯದು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾದ ಬಳಿಯ ಆಶ್ರಯತಾಣಕ್ಕೆ ಬೆಂಕಿ ಬಿದ್ದು, ಸರಪಳಿಯಲ್ಲಿ ಕಟ್ಟಿದ್ದ 28 ಮನೋರೋಗಿಗಳು ಸತ್ತರು. ಮರುವರ್ಷವೇ ನಿಮ್ಹಾನ್ಸ್‌ನ ತಜ್ಞರು ತಮಿಳುನಾಡಿನ ಮತ್ತೊಂದು ಗುಡಿಯ ಬಗ್ಗೆ ಪ್ರತಿಷ್ಠಿತ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಲ್ಲಿ ಕೆಲವು ವಾರ ತಂಗಿದ್ದ 31 ರೋಗಿಗಳ ಲಕ್ಷಣಗಳು ಸುಮಾರು ಶೇ 20ರಷ್ಟು ತಗ್ಗಿದ್ದವು. ಹೊಡೆತವಿಲ್ಲ, ಸರಪಳಿಯಿಲ್ಲ, ವಿಶೇಷ ಮಾಂತ್ರಿಕ ವಿಧಿಯೂ ಇಲ್ಲ. ಬಂಧುಗಳ ಜೊತೆ ತಂಗಲು ಒಂದು ಜಾಗ, ದಿನಚರಿ, ಹೀನಾಯವಾಗಿ ಕಾಣದ ಜನ ಇಷ್ಟೇ. ಈ ಎರಡು ವರದಿಗಳನ್ನು ಒಟ್ಟಿಗೆ ಓದಿದರೆ ಗುಡಿ, ದರ್ಗಾಗಳನ್ನು ಸಾರಾಸಗಟಾಗಿ ಶತ್ರುಗಳೆಂದು ಎಣಿಸುವುದು ಸರಿಯಲ್ಲ ಎನಿಸುತ್ತದೆ, ಅಲ್ಲಿ ನಡೆಯುವುದನ್ನೆಲ್ಲ ಭಕ್ತಿ ಎಂದು ಕಣ್ಣುಮುಚ್ಚಿಕೊಳ್ಳುವುದೂ ಸರಿಯಲ್ಲ. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ ಪ್ರಾರ್ಥನೆಯ ಜೊತೆಗೆ ಮನೋವೈದ್ಯರ ಔಷಧವೂ ದೊರೆಯುವ ‘ದವಾ ಮತ್ತು ದುವಾ’ ಯೋಜನೆಯಲ್ಲಿ ದರ್ಗಾದ ಮುಜಾವರರೇ ರೋಗಿಗಳನ್ನು ವೈದ್ಯರ ಬಳಿ ಕಳುಹಿಸುವ ಏರ್ಪಾಡು ಮಾಡಲಾಯಿತು.

ಕರ್ನಾಟಕಕ್ಕೆ ಇದು ಹೊಸದಾಗಬೇಕಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ದೇಶದಲ್ಲಿಯೇ ಮಾದರಿಯಾದದ್ದು 1980ರ ದಶಕದಲ್ಲಿ ನಿಮ್ಹಾನ್ಸ್ ನಡೆಸಿದ ಬಳ್ಳಾರಿಯ ಪ್ರಯೋಗ. 2014ರಲ್ಲಿ ಆರಂಭವಾದ ಮನೋಚೈತನ್ಯ ಯೋಜನೆಯಂತೆ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರಬೇಕು. 2022ರಿಂದ 14416 ಎಂಬ ಉಚಿತ ದೂರವಾಣಿ ಸೇವೆಯೂ ಇದೆ. ಆದರೆ ಮಂಗಳವಾರ, ಅಮಾವಾಸ್ಯೆಗಳಂದು ‘ದೇವರು ಹೇಳುವವರ’ ಮನೆಯ ಮುಂದೆ ಸರದಿಯಲ್ಲಿ ಕೂತವರಿಗೆ ಅದನ್ನು ತಿಳಿಸುವವರು ಯಾರು? ದೇವರು ಹೇಳುವವರು ಒಂದು ತಾಸು ಕೂತು ಕೇಳುತ್ತಾರೆ, ಕಾಯಿಲೆಯವರ ಭಾಷೆಯಲ್ಲಿಯೇ ಮಾತಾಡುತ್ತಾರೆ. ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಮೂರು ನಿಮಿಷ ಸಿಕ್ಕರೆ ಹೆಚ್ಚು.

ಬನದ ಹುಣ್ಣಿಮೆಯಿಂದ ತಿಂಗಳ ಕಾಲ ಬಾದಾಮಿಯ ಬನಶಂಕರಿಯಲ್ಲಿ ಜಾತ್ರೆ. ನಾಟಕ ಕಂಪನಿಗಳು ರಾತ್ರಿಯಿಡೀ ಆಟ ಕಟ್ಟುತ್ತವೆ, ನಾಡಿನ ನಾನಾ ಕಡೆಯ ಕುಟುಂಬಗಳು ಬಂದು ಬೀಡುಬಿಡುತ್ತವೆ, ಹರಕೆ ಹೊತ್ತ ರೋಗಿಗಳೂ ಅವರ ಜೊತೆಯಲ್ಲಿರುತ್ತಾರೆ. ಆ ಟೆಂಟುಗಳ ಸಾಲಿನಲ್ಲಿ ಒಂದು ಟೆಂಟನ್ನು ಮನೋವೈದ್ಯರಿಗೆ, ಆಪ್ತ ಸಮಾಲೋಚಕರಿಗೆ ಮೀಸಲಿಡಲು ಜಿಲ್ಲಾಡಳಿತಕ್ಕೆ ಹೊಸ ಕಾಯ್ದೆ ಬೇಕಾಗಿಲ್ಲ, ದೊಡ್ಡ ಅನುದಾನವೂ ಬೇಕಾಗಿಲ್ಲ. ಗುಡಿಯ ಅರ್ಚಕರಿಂದಲೇ ದೀಪ ಹಚ್ಚಿಸಿ ಅದನ್ನು ಉದ್ಘಾಟಿಸಿದರೂ ಯಾವ ವಿಚಾರವಾದಿಯೂ ಬೇಸರ ಪಡಬೇಕಾಗಿಲ್ಲ.