ಕೊಪ್ಪರಿಗೆಯ ದರ್ಶನ

ಪಶ್ಚಿಮ ದೇಶಗಳ ಪ್ರವಾಸವನ್ನು ಮುಗಿಸಿ ಮೈಸೂರಿಗೆ ಮರಳಿದ ವಿದ್ಯಾವಂತರಲ್ಲಿ ಕೆಲವರು ಅಲ್ಲಿಯ ಬಿಯರ್ ವಸ್ತುಸಂಗ್ರಹಾಲಯಗಳನ್ನು ಹಾಡಿ ಹೊಗಳುವುದುಂಟು. ಅಂಥದೊಂದು ಮೈಸೂರಿನಲ್ಲಿಯೂ ಏರ್ಪಟ್ಟರೆ ಅರಮನೆಯನ್ನು ನೋಡಬಂದ ಪ್ರವಾಸಿಗಳು ಇನ್ನೊಂದು ದಿನ ಊರಿನಲ್ಲಿ ನಿಲ್ಲುವರೆಂಬುದು ಅವರ ವಾದ. ಈ ವಾದವನ್ನು ಪರೀಕ್ಷಿಸದೆ ಒಪ್ಪುವುದೂ ಸರಿಯಲ್ಲ, ಮೂಗು ಮುರಿದು ತಳ್ಳುವುದೂ ಸರಿಯಲ್ಲ.

ಬಿಯರ್ ತಯಾರಿಕೆಯಲ್ಲಿ ನೋಡತಕ್ಕುದೇನೂ ಇಲ್ಲವೆಂದು ಯಾರೂ ಹೇಳಲಾರರು. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಅದರ ಸಿಹಿಯನ್ನು ಬಿಸಿನೀರಿಗೆ ಇಳಿಸಿ, ಹಾಪ್ ಹೂಗಳೊಡನೆ ಕೊಪ್ಪರಿಗೆಯಲ್ಲಿ ಕುದಿಸಿ, ಆರಿದ ಮೇಲೆ ಯೀಸ್ಟನ್ನು ಬೆರಸಿ ಹುದುಗಿಸುವುದು ನಿಜವಾಗಿಯೂ ಕುಶಲವಿದ್ಯೆ. ಪಾಶ್ಚರ್ ಮಹಾಶಯನು ೧೮೭೬ರಲ್ಲಿ ಬಿಯರನ್ನು ಕುರಿತೇ ಒಂದು ಗ್ರಂಥವನ್ನು ಪ್ರಕಟಿಸಿದನು. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯಲ್ಲಿ ೧೮೮೩ರಲ್ಲಿ ಹ್ಯಾನ್ಸೆನನು ಶುದ್ಧವಾದ ಯೀಸ್ಟನ್ನು ಬೆಳೆಸುವ ಕ್ರಮವನ್ನು ಸಾಧಿಸಿದನು. ಆಮ್ಲತೆಯನ್ನು ಅಳೆಯುವ ಪಿ.ಎಚ್. ಮಾನವು ಹುಟ್ಟಿದ್ದೂ ೧೯೦೯ರಲ್ಲಿ ಅಲ್ಲಿಯೇ. ಇಷ್ಟನ್ನು ಮಾತ್ರ ಕಲಿಸುವ ಶಾಲೆಯೊಂದಿದ್ದರೆ ಅದಕ್ಕೆ ಯಾರ ಆಕ್ಷೇಪಣೆಯೂ ಇರಲಾರದು.

ಆದರೆ ಈ ವಸ್ತುಸಂಗ್ರಹಾಲಯಗಳು ಪ್ರೇಕ್ಷಕನನ್ನು ಕಟ್ಟಕಡೆಗೆ ಎಲ್ಲಿಗೆ ಕರೆದೊಯ್ಯುವುವು? ಡಬ್ಲಿನ್ನಿನಲ್ಲಿ ೨೦೦೦ದಲ್ಲಿ ತೆರೆದ ಗಿನ್ನೆಸ್ ಭವನದ ತುದಿಯ ಅಂತಸ್ತು ಪಾನಶಾಲೆ. ಪ್ರವೇಶದ ಹಣದಲ್ಲಿಯೇ ಒಂದು ಬಟ್ಟಲಿನ ಬೆಲೆಯೂ ಸೇರಿರುವುದು ಅಲ್ಲಿಯ ವಾಡಿಕೆ. ಕೊನೆಯಲ್ಲಿ ಸರಕನ್ನು ಕೈಗೆ ಕೊಡುವ ಸ್ಥಳವನ್ನು ಅಂಗಡಿಯೆನ್ನಬೇಕೇ ಹೊರತು ವಿದ್ಯಾಲಯವೆನ್ನಲಾಗದು. ಕೊಪ್ಪರಿಗೆಗೆ ಅಲ್ಲಿ ಪೀಠವುಂಟು. ಕುಡುಕನ ಮನೆಯಿಂದ ಅಡವಿಗೆ ಹೋದ ಒಡವೆಗೆ ಗಾಜಿನ ಪೆಟ್ಟಿಗೆ ಎಲ್ಲಿದೆ?

ಕರ್ಣಾಟಕದ ಮಟ್ಟಿಗೆ ಈ ಪ್ರಶ್ನೆ ಇನ್ನೂ ತೀಕ್ಷ್ಣವಾದುದು. ಮಾದಕ ಪಾನೀಯಗಳ ಸೇವನೆಯನ್ನು ನಿಲ್ಲಿಸಲು ಸರ್ಕಾರವು ಯತ್ನಿಸಬೇಕೆಂದು ಸಂವಿಧಾನದ ೪೭ನೆಯ ವಿಧಿಯು ಹೇಳುತ್ತದೆ. ೨೦೦೭ನೆಯ ಜುಲೈ ೧ರಿಂದ ಈ ರಾಜ್ಯದಲ್ಲಿ ಸಾರಾಯಿ ನಿಷಿದ್ಧವಾಯಿತು. ಬಿಯರಿನ ಅಂಗಡಿಗಳು ತೆರೆದೇ ಉಳಿದುವು. ಬಡವನ ಸಾರಾಯಿಯನ್ನು ಪಿಡುಗೆಂದು ತೊಲಗಿಸಿ ಉಳ್ಳವನ ಬಿಯರನ್ನು ಪರಂಪರೆಯೆಂದು ಮೆರೆಯಿಸುವುದು ಯಾವ ನ್ಯಾಯ? ಕೂಲಿಯವನ ಚಟವನ್ನು ಹಳಿಯುವ ಮನೆತನಗಳೇ ಮಕ್ಕಳ ಕೈಹಿಡಿದು ಈ ದರ್ಶನಕ್ಕೆ ಹೊರಟರೆ ಆ ಮಕ್ಕಳು ಕಲಿಯುವ ಪಾಠವೇನು?

ಮೈಸೂರು ತನ್ನ ಉದ್ಯಮವನ್ನು ತೋರಿಸಲೇಬೇಕೆಂದರೆ ಸಾಮಗ್ರಿಗೆ ಕೊರತೆಯಿಲ್ಲ. ೧೯೧೨ರಲ್ಲಿ ಆರಂಭವಾದ ರೇಷ್ಮೆ ನೇಯ್ಗೆಯ ಕಾರ್ಖಾನೆಯುಂಟು. ಮೊದಲನೆಯ ಮಹಾಯುದ್ಧದಿಂದ ಗಂಧದ ಮರದ ರಫ್ತು ನಿಂತುಹೋದಾಗ ಸಂಸ್ಥಾನವು ತಾನೇ ಎಣ್ಣೆಯನ್ನು ಭಟ್ಟಿಯಿಳಿಸಲು ಕಲಿತ ಕಥೆಯುಂಟು. ೧೯೩೭ರಲ್ಲಿ ಅರಗಿನ ಕಾರ್ಖಾನೆಯಾಗಿ ಹುಟ್ಟಿ, ೧೯೬೨ರಿಂದ ಭಾರತದ ಮತದಾರರ ಬೆರಳಿಗೆ ಅಳಿಯದ ಶಾಯಿಯನ್ನು ಒದಗಿಸುತ್ತ ಬಂದ ಸಂಸ್ಥೆಯುಂಟು. ಇವುಗಳ ಯಂತ್ರಗಳನ್ನೂ ದುಡಿದವರ ಬಾಳನ್ನೂ ಒಟ್ಟಿಗೆ ವಿವರಿಸುವ ಶಾಲೆಯೊಂದು ಮೊದಲು ಏರ್ಪಡಲಿ. ಅದನ್ನು ನೋಡಿದವನು ಹೊರಗೆ ಬರುವಾಗ ಅವನ ಹೆಜ್ಜೆ ತಪ್ಪುವ ಭಯವಾದರೂ ಇರುವುದಿಲ್ಲ.