ಸರ್ಕಾರಿ ಖಾತೆಯ ಪಾಸ್‌ವರ್ಡ್ ಕೂಡ ಒಂದು ಅಮಾನತ್ತು

ನಮ್ಮ ಹಿರಿಯರಿಗೆ ಸರ್ಕಾರ ಅಂದರೆ ತಾಲೂಕು ಆಫೀಸಿನ ಸೀಲು, ಆಕಾಶವಾಣಿಯ ಸಮಾಚಾರ. ಇವತ್ತು ಕ್ಯಾಂಪಿನ ಬಂಕ್ ಬೆಡ್ಡಿನಲ್ಲಿ ಮಲಗಿಕೊಂಡು ಮೊಬೈಲ್ ನೋಡುವ ನಮ್ಮವನಿಗೆ ಸರ್ಕಾರ ಅಂದರೆ ದೂತಾವಾಸದ ಒಂದು ಪೋಸ್ಟ್. ಅದನ್ನು ಬರೆಯುವವರು ಯಾರು? ಮಂತ್ರಿಯಲ್ಲ, ರಾಯಭಾರಿಯೂ ಅಲ್ಲ. ಎಷ್ಟೋ ಕಡೆ ಇಪ್ಪತ್ತರ ಹರೆಯದ ಒಬ್ಬ ಹುಡುಗ ಅಥವಾ ಹುಡುಗಿ. ಚುನಾವಣೆ ಪ್ರಚಾರದಲ್ಲಿ ಕೈ ಪಳಗಿಸಿಕೊಂಡು, ಪಕ್ಷ ಗೆದ್ದ ಮೇಲೆ ನೇರವಾಗಿ ಸರ್ಕಾರದ ಖಾತೆಯ ಮುಂದೆ ಬಂದು ಕೂತವರು. ಇಂಥವರ ಕೆಲಸಕ್ಕೂ ಊರು ಬಿಟ್ಟು ದುಡಿಯುವ ನಮಗೂ ದೊಡ್ಡ ಸಂಬಂಧವಿದೆ.

ಒಳ್ಳೆಯ ಉದಾಹರಣೆ ಮೊದಲು. 2016ರ ಜುಲೈ ಕೊನೆಯಲ್ಲಿ ಜಿದ್ದಾದಲ್ಲಿ ನೂರಾರು ಭಾರತೀಯರು ಸಂಬಳವಿಲ್ಲದೆ, ಊಟವಿಲ್ಲದೆ ಕ್ಯಾಂಪಿನಲ್ಲಿ ಸಿಕ್ಕಿಬಿದ್ದಿದ್ದಾರೆ ಅಂತ ಒಬ್ಬರು ಟ್ವಿಟರ್‌ನಲ್ಲಿ ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್ ಅವರಿಗೆ ಬರೆದರು. ಸಚಿವೆ ಅಲ್ಲಿಯೇ ಉತ್ತರ ಕೊಟ್ಟರು. ಸೌದಿಯಲ್ಲಿ ಕಷ್ಟದಲ್ಲಿರುವವರು ಹತ್ತು ಸಾವಿರಕ್ಕೂ ಹೆಚ್ಚು ಎಂದು ಲೋಕಕ್ಕೆ ಗೊತ್ತಾಯಿತು. ಕಾನ್ಸುಲೇಟ್ ಮತ್ತು ಅಲ್ಲಿನ ಭಾರತೀಯ ಸಮುದಾಯ ಸೇರಿ ಕ್ಯಾಂಪುಗಳಿಗೆ ರೇಷನ್ ಹಂಚಿದವು, ರಾಜ್ಯ ಸಚಿವ ವಿ.ಕೆ. ಸಿಂಗ್ ಜಿದ್ದಾಕ್ಕೆ ಹೋದರು. ಆ ಪೋಸ್ಟಿಗೆ ಬೆಲೆ ಬಂದದ್ದು ಅದರ ಭಾಷೆಯಿಂದಲ್ಲ. ಅದರ ಹಿಂದೆ ಅಕ್ಕಿ ಇತ್ತು.

2020ರಲ್ಲೂ ಹಾಗೆಯೇ. ಮೇ 7ರಂದು ವಂದೇ ಭಾರತ್ ವಿಮಾನಗಳು ಶುರುವಾದಾಗ ಮೊದಲು ಹಾರಿದ್ದು ಕೇರಳಕ್ಕೆ. ಮಂಗಳೂರಿಗೆ ಯಾವಾಗ ಅಂತ ನಮ್ಮವರು ಹಗಲೂ ರಾತ್ರಿ ದೂತಾವಾಸದ ಖಾತೆ ನೋಡುತ್ತಿದ್ದರು. ಮೇ 12ರಂದು ದುಬೈನಿಂದ ಮಂಗಳೂರಿಗೆ ಮೊದಲ ವಿಮಾನ ಹೊರಟಿತು. ಗರ್ಭಿಣಿಯರಿಗೆ, ಕೆಲಸ ಕಳಕೊಂಡವರಿಗೆ ಆಗ ಆ ಖಾತೆಯ ಒಂದೊಂದು ಸಾಲೂ ಮುಖ್ಯವಾಗಿತ್ತು. ಅದೇ ವರ್ಷ ಏಪ್ರಿಲ್‌ನಲ್ಲಿ, ಇಲ್ಲೇ ದುಡಿಯುತ್ತಾ ಮುಸ್ಲಿಮರ ಮೇಲೆ ವಿಷ ಕಾರಿದ ಕೆಲವರ ಪೋಸ್ಟ್‌ಗಳಿಂದ ವಾತಾವರಣ ಕೆಟ್ಟಿದ್ದಾಗ, ಯುಎಇಯಲ್ಲಿದ್ದ ಭಾರತದ ರಾಯಭಾರಿ ಪವನ್ ಕಪೂರ್ ತಾರತಮ್ಯಕ್ಕೆ ಎರಡೂ ದೇಶಗಳಲ್ಲಿ ಜಾಗವಿಲ್ಲ ಎಂಬರ್ಥದಲ್ಲಿ ಟ್ವೀಟ್ ಮಾಡಿದರು. ಸರ್ಕಾರದ ದನಿ ಸರಿಯಾದ ಹೊತ್ತಿಗೆ ಬಂದರೆ ಬೆಂಕಿಗೆ ನೀರು ಹಾಕಿದ ಹಾಗೆ.

ಈಗ ಇನ್ನೊಂದು ಮುಖ. 2025ರ ಫೆಬ್ರವರಿ 5ರಂದು ಅಮೆರಿಕದ ಮಿಲಿಟರಿ ವಿಮಾನ 104 ಭಾರತೀಯರನ್ನು ಅಮೃತಸರಕ್ಕೆ ತಂದು ಇಳಿಸಿತು. ಅಲ್ಲಿನ ಗಡಿ ಪಡೆಯ ಮುಖ್ಯಸ್ಥರ ಖಾತೆಯಲ್ಲಿ ಅದರ ವಿಡಿಯೋ ಬಂತು. ಕೈಕಾಲಿಗೆ ಬೇಡಿ ಹಾಕಿದ ಜನ ವಿಮಾನ ಹತ್ತುವ ದೃಶ್ಯ, ಹಿನ್ನೆಲೆಯಲ್ಲಿ ಮ್ಯೂಸಿಕ್. ಅದೇ ತಿಂಗಳು ಶ್ವೇತಭವನದ ಖಾತೆಯಲ್ಲಿ ಸರಪಳಿಯ ಸದ್ದನ್ನೇ ಕಿವಿಗೆ ಇಂಪು ಅನ್ನುವ ಹಾಗೆ ತೋರಿಸಿದ ವಿಡಿಯೋ ಬಂತು. ಮಾರ್ಚ್‌ನಲ್ಲಿ, ಬಂಧನಕ್ಕೊಳಗಾಗಿ ಅಳುತ್ತಿರುವ ಹೆಂಗಸಿನ ಕಾರ್ಟೂನ್.

ಕಾಗದಪತ್ರ ಇಲ್ಲದೆ ಒಳಗೆ ಹೋದವರನ್ನು ವಾಪಸ್ ಕಳಿಸುವ ಹಕ್ಕು ಯಾವ ದೇಶಕ್ಕೂ ಇದೆ. ಗಲ್ಫ್‌ನಲ್ಲಿರುವ ನಮಗೆ ಅದನ್ನು ಹೇಳಿಕೊಡಬೇಕಾಗಿಲ್ಲ. ಆದರೆ ಕಾನೂನು ಜಾರಿ ಮಾಡುವುದು ಬೇರೆ, ಸಿಕ್ಕಿಬಿದ್ದವನನ್ನು ಲೈಕ್‌ಗೋಸ್ಕರ ತಮಾಷೆ ಮಾಡುವುದು ಬೇರೆ. ಆ 104 ಮಂದಿಯಲ್ಲಿ ಹೆಚ್ಚಿನವರು ಪಂಜಾಬ್, ಹರಿಯಾಣ, ಗುಜರಾತಿನವರು. ಅವರಿಗೂ ಊರಿನಲ್ಲಿ ತಾಯಿ ಇದ್ದಾರೆ, ತೀರಿಸಬೇಕಾದ ಸಾಲ ಇದೆ. ನಮ್ಮ ಮನೆಗಳ ಕಥೆಯೂ ಅದೇ ಅಲ್ಲವೇ?

ಹುಡುಗರನ್ನು ಬೈದು ಪ್ರಯೋಜನವಿಲ್ಲ. ಅವರಿಲ್ಲದಿದ್ದರೆ ಸರ್ಕಾರಿ ಸುತ್ತೋಲೆಯ ಭಾಷೆ ಯಾರಿಗೂ ಅರ್ಥ ಆಗುವುದಿಲ್ಲ. ಅರ್ಧ ಪುಟದ ಆದೇಶವನ್ನು ಎರಡು ಸಾಲಿಗೆ ಇಳಿಸುವುದು ಸಣ್ಣ ವಿದ್ಯೆಯಲ್ಲ. ಕೊರತೆ ಇರುವುದು ಆ ಕೋಣೆಯ ವ್ಯವಸ್ಥೆಯಲ್ಲಿ. ಪ್ರಚಾರದಲ್ಲಿ ಎದುರಾಳಿ ಇರುತ್ತಾನೆ, ಅವನನ್ನು ಸೋಲಿಸಬೇಕು. ಸರ್ಕಾರದ ಖಾತೆಗೆ ಎದುರಾಳಿ ಇಲ್ಲ. ಓಟು ಹಾಕಿದವನೂ ಹಾಕದವನೂ ಅದರ ಓದುಗನೇ. ಈ ವ್ಯತ್ಯಾಸವನ್ನು ಯಾರೂ ಹೇಳಿಕೊಡದೆ ಪಾಸ್‌ವರ್ಡ್ ಕೈಗೆ ಕೊಟ್ಟರೆ ಹುಡುಗ ತನಗೆ ಗೊತ್ತಿರುವ ಆಟವನ್ನೇ ಆಡುತ್ತಾನೆ.

ನಾನು ಲೆಕ್ಕದವನು. ನಮ್ಮ ಆಫೀಸುಗಳಲ್ಲಿ ಇಪ್ಪತ್ತು ದಿರ್ಹಮಿನ ಟ್ಯಾಕ್ಸಿ ಬಿಲ್ಲಿಗೂ ವೋಚರ್ ಬೇಕು. ಬರೆದವನು ಒಬ್ಬ, ಪರಿಶೀಲಿಸಿದವನು ಇನ್ನೊಬ್ಬ, ಮಂಜೂರು ಮಾಡಿದವನು ಮತ್ತೊಬ್ಬ. ಇದು ಬರೆದವನ ಮೇಲಿನ ಅನುಮಾನ ಅಲ್ಲ, ಅವನಿಗೂ ರಕ್ಷಣೆ. ಲಕ್ಷಾಂತರ ಜನ ಓದುವ ಪೋಸ್ಟಿಗೆ ಇಷ್ಟಾದರೂ ಬೇಡವೇ? ಹಬ್ಬದ ಶುಭಾಶಯಕ್ಕೆ ಒಂದು ಸಹಿ ಸಾಕು. ದಿನಾಂಕ, ಶುಲ್ಕ, ನಿಯಮ ಇದ್ದರೆ ಎರಡು ಸಹಿ ಇರಲಿ. ಯಾರದ್ದಾದರೂ ಮುಖ, ಬಂಧನ, ಸಾವು ಇದ್ದರೆ ಮೂರನೆಯವರೂ ನೋಡಲಿ.

ತಡ ಆಗುತ್ತದೆ ಎನ್ನುವವರಿಗೆ ಒಂದು ಲೆಕ್ಕ ಹೇಳುತ್ತೇನೆ. ಯುಎಇಯ 2024ರ ಆಮ್ನೆಸ್ಟಿ ಸೆಪ್ಟೆಂಬರ್ 1ಕ್ಕೆ ಶುರುವಾಯಿತು. ಅಕ್ಟೋಬರ್ 31ಕ್ಕೆ ಮುಗಿಯಬೇಕಾಗಿತ್ತು, ಡಿಸೆಂಬರ್ 31ರವರೆಗೆ ವಿಸ್ತರಿಸಿದರು. ಇಂಥ ವಿಷಯದಲ್ಲಿ ಒಂದು ದಿನಾಂಕ ತಪ್ಪಾಗಿ ಬಿದ್ದರೆ ದಂಡ ಕಟ್ಟುವವನು ಪೋಸ್ಟ್ ಹಾಕಿದವನಲ್ಲ, ಅದನ್ನು ನಂಬಿದ ಬಡವ. ಹತ್ತು ನಿಮಿಷದ ತಡ ಅದಕ್ಕಿಂತ ಅಗ್ಗ.

ನಿಯಮ ಇಲ್ಲ ಅಂತಲ್ಲ. ಭಾರತ ಸರ್ಕಾರದ ಐಟಿ ಇಲಾಖೆ 2012ರಲ್ಲೇ ಸರ್ಕಾರಿ ಸಂಸ್ಥೆಗಳ ಸಾಮಾಜಿಕ ಜಾಲತಾಣ ಬಳಕೆಗೆ ಮಾರ್ಗಸೂಚಿ ತಂದಿದೆ. ಖಾತೆ ಯಾರ ಸೊತ್ತು ಎಂಬ ಪ್ರಶ್ನೆ 2014ರಲ್ಲೇ ಎದ್ದಿತ್ತು. ಮನಮೋಹನ್ ಸಿಂಗ್ ಅವಧಿ ಮುಗಿದಾಗ ಪ್ರಧಾನಿ ಕಚೇರಿಯ ಟ್ವಿಟರ್ ಖಾತೆಯ ಹೆಸರನ್ನು ಬದಲಿಸಿ ಕಡತಕ್ಕೆ ಸೇರಿಸಲು ಹೊರಟರು, ಗಲಾಟೆಯಾಯಿತು. ಕೊನೆಗೆ ಖಾತೆ ಹೊಸ ಸರ್ಕಾರಕ್ಕೇ ಬಂತು. ಅದೇ ಸರಿ. ಆಫೀಸಿನ ಸೀಲನ್ನು ಯಾರೂ ಮನೆಗೆ ಕೊಂಡೊಯ್ಯುವ ಹಾಗಿಲ್ಲ. ಹಾಗೆಯೇ ಆ ಸೀಲಿನಿಂದ ಪಕ್ಷದ ಕರಪತ್ರಕ್ಕೆ ಮುದ್ರೆ ಒತ್ತುವ ಹಾಗೂ ಇಲ್ಲ. ನಮ್ಮ ದೀನಿನ ಭಾಷೆಯಲ್ಲಿ ಹೇಳುವುದಾದರೆ ಅದು ಅಮಾನತ್ತು.

ಓದುಗರಿಗೆ ಎರಡು ಮಾತು. ಸರ್ಕಾರದ ಪೋಸ್ಟ್ ಬಂದರೆ ವಾಟ್ಸಾಪ್‌ನಲ್ಲಿ ಫಾರ್ವರ್ಡ್ ಆದ ಚಿತ್ರವನ್ನು ನಂಬಿ ಓಡಬೇಡಿ. ಮೂಲ ಖಾತೆಗೆ ಹೋಗಿ ದಿನಾಂಕ ನೋಡಿ, ದೂತಾವಾಸದ ವೆಬ್‌ಸೈಟಿನಲ್ಲೂ ಅದೇ ಇದೆಯೇ ನೋಡಿ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಯುಎಇಯಲ್ಲಿರುವವರು ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ನಂಬರ್ 800 46342ಕ್ಕೆ ಫೋನ್ ಮಾಡಿ ಕೇಳಬಹುದು. ದೂರು ಇದ್ದರೆ ಕಾಮೆಂಟಿನಲ್ಲಿ ಬರೆದು ಸುಮ್ಮನಾಗಬೇಡಿ. ವಿದೇಶಾಂಗ ಇಲಾಖೆಯ ಮದದ್ ಪೋರ್ಟಲ್‌ನಲ್ಲಿ ದಾಖಲಿಸಿ, ಅಲ್ಲಿ ದೂರಿಗೆ ನಂಬರ್ ಸಿಗುತ್ತದೆ. ನಂಬರ್ ಇದ್ದರೆ ಮುಂದೆ ಕೇಳಬಹುದು.

ಊರಿನಲ್ಲಿ ಮಾಸ್ ಕಮ್ಯುನಿಕೇಶನ್ ಓದುವ ಮಕ್ಕಳಿರುವ ಮನೆಗಳೂ ನಮ್ಮಲ್ಲಿ ಈಗ ಕಡಿಮೆಯಿಲ್ಲ. ಈ ಕೆಲಸಕ್ಕೆ ಹೋಗುವುದಾದರೆ ಖಂಡಿತ ಹೋಗಲಿ. ಕ್ಯಾಂಪಿನ ಜೀವನ, ವೀಸಾದ ಕಷ್ಟ ಗೊತ್ತಿರುವ ಮನೆಯ ಮಕ್ಕಳು ಆ ಕುರ್ಚಿಯಲ್ಲಿದ್ದರೆ ಒಳ್ಳೆಯದೇ. ಬಟನ್ ಒತ್ತುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳುವುದನ್ನು ಮಾತ್ರ ನಾವೇ ಕಲಿಸಿ ಕಳಿಸೋಣ: ಈ ಪೋಸ್ಟಿನಲ್ಲಿರುವುದು ನನ್ನ ಬಾಪನಾಗಿದ್ದರೆ ಇದನ್ನು ಹೀಗೇ ಹಾಕುತ್ತಿದ್ದೆನೇ?